ಮುಸಾಫಿರನ ಸೈಕಲ್

ಪ್ರಯಾಣಿಕನ ನಮಾಝಿನ ಕುರಿತು ಕರ್ಮಶಾಸ್ತ್ರದ ಗ್ರಂಥಗಳು ಚರ್ಚಿಸುವಾಗ ಮೊದಲು ಎದುರಾಗುವುದು ದೂರದ ಪ್ರಶ್ನೆ. ಮನೆಯಿಂದ ಎಷ್ಟು ದೂರಕ್ಕೆ ಹೊರಟವನನ್ನು ಮುಸಾಫಿರ್ ಎನ್ನಬೇಕು? ಹನಫೀ ವಿದ್ವಾಂಸರು ಇದಕ್ಕೆ ಕೊಟ್ಟ ಮೂಲ ಉತ್ತರ ಮೈಲಿಯ ಲೆಕ್ಕದಲ್ಲಿಲ್ಲ, ಹೆಜ್ಜೆಯ ಲೆಕ್ಕದಲ್ಲಿದೆ. ಕಾಲ್ನಡಿಗೆಯ ಅಥವಾ ಒಂಟೆಯ ಸಾಧಾರಣ ವೇಗದಲ್ಲಿ, ನಡುನಡುವೆ ವಿಶ್ರಮಿಸುತ್ತಾ, ಮೂರು ದಿನಗಳಲ್ಲಿ ಕ್ರಮಿಸಬಹುದಾದ ದಾರಿಯೇ ಆ ದೂರ. ನಂತರದ ವಿದ್ವಾಂಸರು ಜನರ ಅನುಕೂಲಕ್ಕಾಗಿ ಅದನ್ನು 48 ಮೈಲಿಗಳೆಂದು ನಿಗದಿಪಡಿಸಿದರು. ಇಂದಿನ ಲೆಕ್ಕದಲ್ಲಿ ಅದು ಸುಮಾರು 77 ಕಿಲೋಮೀಟರ್. ಅಷ್ಟು ದೂರದ ಉದ್ದೇಶವಿಟ್ಟು ಊರಿನ ಮನೆಗಳ ಸಾಲನ್ನು ದಾಟಿದವನಿಗೆ ನಾಲ್ಕು ರಕಅತ್‌ನ ಕಡ್ಡಾಯ ನಮಾಝ್ ಎರಡಕ್ಕಿಳಿಯುತ್ತದೆ.

ಕಾರಿನಲ್ಲಿ ಕುಳಿತವರಿಗೆ ಈ 77 ಕಿಲೋಮೀಟರ್ ಒಂದೂವರೆ ಗಂಟೆಯ ಮಾತು. ಅವರು ಪಡೆಯುವ ರಿಯಾಯಿತಿಯೂ ಸಿಂಧುವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಮೂರು ದಿನಗಳೆಂಬ ಆ ಮಾತಿನ ಹಿಂದೆ ಇರುವ ಬೆವರು, ಬಾಯಾರಿಕೆ, ಊದಿಕೊಂಡ ಪಾದಗಳು ಕಾರಿನ ಕಿಟಕಿಯಿಂದ ಕಾಣುವುದಿಲ್ಲ. ನನಗೆ ಅದು ಅರ್ಥವಾದದ್ದು ಗ್ರಂಥಗಳಿಂದಲ್ಲ, ಒಂದು ಅಟ್ಲಾಸ್ ಸೈಕಲ್ಲಿನಿಂದ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಹಿಂದೆ ಬೆಂಕಿಪುರವೆಂಬ ಹೆಸರಿನ ಸಣ್ಣ ಊರಾಗಿದ್ದ ಅದು, 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡ ಮೇಲೆ ಪಟ್ಟಣವಾಯಿತು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಅಬ್ಬಾ ಕಬ್ಬಿಣದ ಕಾರ್ಖಾನೆಯಲ್ಲಿ ಕಾರ್ಮಿಕರಾಗಿದ್ದರು. ಪಾಳಿ ಬದಲಾಗುವ ಹೊತ್ತಿಗೆ ಸೈರನ್ ಕೂಗಿದೊಡನೆ ಗೇಟಿನಿಂದ ಹೊರಬರುತ್ತಿದ್ದ ಸೈಕಲ್ಲುಗಳ ಪ್ರವಾಹವನ್ನು ಕಂಡವರು ಮರೆಯಲಾರರು. ಎಲ್ಲ ಸೈಕಲ್ಲುಗಳೂ ಕಪ್ಪು, ಎಲ್ಲ ಹ್ಯಾಂಡಲ್ಲುಗಳಲ್ಲೂ ಒಂದು ಬುತ್ತಿಯ ಡಬ್ಬ, ಎಲ್ಲರ ಪ್ಯಾಂಟಿನ ಬಲಗಾಲಿಗೂ ಚೈನಿನ ಎಣ್ಣೆ ತಾಗದಂತೆ ಒಂದು ಕ್ಲಿಪ್ಪು. ಆ ಗುಂಪಿನಲ್ಲಿ ಮಕ್ಕಳಾದ ನಾವು ನಮ್ಮ ನಮ್ಮ ತಂದೆಯರನ್ನು ಗುರುತಿಸುತ್ತಿದ್ದುದು ಮುಖದಿಂದಲ್ಲ, ಬೆಲ್ಲಿನ ಸದ್ದಿನಿಂದ. ಇಂದು ಕಾಗದದ ಕಾರ್ಖಾನೆಯ ಯಂತ್ರಗಳು ನಿಂತುಹೋಗಿವೆ. ಕಬ್ಬಿಣದ ಕಾರ್ಖಾನೆಯ ಅಳಿವು ಉಳಿವಿನ ಚರ್ಚೆ ವರ್ಷಗಳಿಂದ ನಡೆದೇ ಇದೆ. ಸೈಕಲ್ಲುಗಳಂತೂ ಎಂದೋ ಹೋದವು.

ಗಂಟೆ ಬಾಡಿಗೆಯ ಅಂಗಡಿಯಿಂದ ಸೈಕಲ್ ತಂದು, ಸೀಟಿಗೆ ಕಾಲೆಟುಕದ ಕಾರಣ ಬಾರಿನ ಕೆಳಗಿನಿಂದ ಕಾಲು ತೂರಿಸಿ ಪೆಡಲು ತುಳಿಯುತ್ತಾ ನಾನು ಕಲಿತೆ. ನನ್ನ ವಯಸ್ಸಿನವರೆಲ್ಲ ಕಲಿತದ್ದು ಹಾಗೆಯೇ. ಅಂಚೆ ಇಲಾಖೆಯಲ್ಲಿ ಗುಮಾಸ್ತನ ಕೆಲಸ ಸಿಕ್ಕ ಮೇಲೆ, 1984ರಲ್ಲಿ, ಸ್ವಂತದ್ದೊಂದು ಅಟ್ಲಾಸ್ ಕೊಂಡೆ. ಕೆಲಸಕ್ಕಾಗಿ ಶಿವಮೊಗ್ಗಕ್ಕೆ ಬಂದು, ಕೆಲವು ವರ್ಷ ಬಾಡಿಗೆ ಮನೆಗಳಲ್ಲಿದ್ದು, ಕೊನೆಗೆ ರಾಗಿಗುಡ್ಡದಲ್ಲಿ ನೆಲೆ ನಿಂತೆ. ಸೈಕಲ್ಲೂ ನನ್ನೊಂದಿಗೆ ಬಂತು. ಅದರ ಟೈರು, ಟ್ಯೂಬು, ಚೈನು, ಸೀಟು, ಹಿಂದಿನ ರಿಮ್ಮು ಎಲ್ಲವೂ ಹಲವು ಬಾರಿ ಬದಲಾಗಿವೆ. ಚೌಕಟ್ಟು ಮಾತ್ರ ಅದೇ. ಆ ಕಂಪನಿ ಸಾಹಿಬಾಬಾದಿನಲ್ಲಿದ್ದ ತನ್ನ ಕೊನೆಯ ಕಾರ್ಖಾನೆಯನ್ನು ಮುಚ್ಚಿದ್ದು 2020ರ ಜೂನ್ 3ರಂದು. ಅಂದು ವಿಶ್ವ ಸೈಕಲ್ ದಿನವೂ ಆಗಿತ್ತು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ನನ್ನ ಪತ್ನಿ, ಇನ್ನಾದರೂ ಅದನ್ನು ಗುಜರಿಗೆ ಹಾಕುತ್ತೀರೇನೋ ಎಂದು ಆಸೆಯಿಂದ ನೋಡಿದಳು.

ಆದರೆ ಸೈಕಲ್ಲಿಗಿಂತ ಮೊದಲು ನಡಿಗೆಯ ಮಾತನ್ನು ಹೇಳಬೇಕು. ಅಬ್ಬಾ ತೀರಿಕೊಂಡ ಬಳಿಕ ಅಮ್ಮಿ ಭದ್ರಾವತಿಯ ಮನೆ ಬಿಟ್ಟು ಬರಲು ಒಪ್ಪಲಿಲ್ಲ. ತಿಂಗಳಿಗೆ ಎರಡು ಭಾನುವಾರ ನಾನು ಅವರ ಬಳಿ ಹೋಗುತ್ತಿದ್ದೆ. ಒಂದು ದಿನ ಬಸ್ ಮುಷ್ಕರವಿತ್ತು, ಸೈಕಲ್ಲಿನ ಹಿಂದಿನ ಚಕ್ರ ರಿಪೇರಿಗೆ ಹೋಗಿತ್ತು. ಫಜರ್ ನಮಾಝ್ ಮುಗಿಸಿ ನಡೆಯತೊಡಗಿದೆ. ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ದಾಟಿ ಭದ್ರಾವತಿ ಮುಟ್ಟುವಾಗ ನಾಲ್ಕು ಗಂಟೆ ಕಳೆದಿತ್ತು. ದೂರ ಹದಿನೆಂಟು ಕಿಲೋಮೀಟರಿನ ಆಸುಪಾಸು. ಬಸ್ಸಿನಲ್ಲಿ ನೂರಾರು ಬಾರಿ ಹೋಗಿದ್ದ ಆ ರಸ್ತೆಯಲ್ಲಿ ಅಷ್ಟೊಂದು ಬಾವಿಗಳಿವೆ, ಅಷ್ಟೊಂದು ಹುಣಸೆಮರಗಳಿವೆ ಎಂಬುದು ಅಂದೇ ತಿಳಿದದ್ದು. ಅಮ್ಮಿ ಬಾಗಿಲಲ್ಲಿ ನಿಂತು ನನ್ನ ಧೂಳು ಹಿಡಿದ ಕಾಲುಗಳನ್ನು ನೋಡಿ, “ಬಸ್ಸಿಗೆ ದುಡ್ಡು ಇರಲಿಲ್ವಾ ಬೇಟಾ?” ಎಂದು ಕೇಳಿದರು. ಆಮೇಲೆ ಬಿಸಿನೀರು ಕಾಯಿಸಿ, ಉಪ್ಪು ಹಾಕಿ, ಕಾಲಿಡಲು ಕೊಟ್ಟರು. ಅಂದಿನಿಂದ ಎಂಟು ವರ್ಷ, ಅವರು ಬದುಕಿರುವವರೆಗೆ, ಮಳೆಗಾಲದ ಕೆಲವು ದಿನಗಳನ್ನು ಬಿಟ್ಟರೆ, ನಾನು ತಾಯಿಯ ಮನೆಗೆ ನಡೆದೇ ಹೋದೆ. ಮರಳುವಾಗ ಬಸ್ಸು. ಅಮ್ಮಿಯ ಕಡ್ಡಾಯ ಷರತ್ತು ಅದಾಗಿತ್ತು.

ನಡಿಗೆಗೆ ಧರ್ಮದಲ್ಲಿರುವ ಸ್ಥಾನವನ್ನು ಕುರಿತು ನಮ್ಮಲ್ಲಿ ಹಲವರು ಉತ್ಸಾಹದಿಂದ ಮಾತನಾಡುತ್ತಾರೆ. ಬನೂ ಸಲಿಮಾ ಗೋತ್ರದವರು ಮಸ್ಜಿದುನ್ನಬವಿಯ ಸಮೀಪಕ್ಕೆ ಮನೆ ಬದಲಿಸಲು ಬಯಸಿದಾಗ, ಇದ್ದಲ್ಲಿಯೇ ಇರಿ, ನಿಮ್ಮ ಹೆಜ್ಜೆಗಳು ದಾಖಲಾಗುತ್ತಿವೆ ಎಂಬರ್ಥದಲ್ಲಿ ಪ್ರವಾದಿ(ಸ)ರವರು ಅವರನ್ನು ತಡೆದ ಪ್ರಸಂಗ ಪ್ರಸಿದ್ಧವಾಗಿದೆ. ಪ್ರತಿ ಶನಿವಾರ ಅವರು ಕುಬಾ ಮಸೀದಿಗೆ ಕೆಲವೊಮ್ಮೆ ನಡೆದು, ಕೆಲವೊಮ್ಮೆ ಸವಾರಿಯಲ್ಲಿ ಹೋಗುತ್ತಿದ್ದರೆಂಬುದೂ ಹದೀಸ್ ಗ್ರಂಥಗಳಲ್ಲಿದೆ. ಈದ್ ದಿನ ಒಂದು ದಾರಿಯಲ್ಲಿ ಹೋಗಿ ಇನ್ನೊಂದು ದಾರಿಯಲ್ಲಿ ಮರಳುವುದು ಅವರ ರೂಢಿಯಾಗಿತ್ತು. ಈ ಕೊನೆಯದು ನನಗೆ ಬಹಳ ಪ್ರಿಯವಾದ ಸುನ್ನತ್. ಹೋದ ದಾರಿಯಲ್ಲೇ ಮರಳದಿರುವುದು ಎಲ್ಲ ನಡಿಗೆಗಾರರ ಸಹಜ ಬಯಕೆ. ಎರಡನೆಯ ದಾರಿಯಲ್ಲಿ ಮೊದಲನೆಯದರಲ್ಲಿ ಸಿಗದವರು ಸಿಗುತ್ತಾರೆ, ಅವರಿಗೂ ಸಲಾಂ ಸಲ್ಲುತ್ತದೆ.

ಇದರೊಂದಿಗೆ ನಾವು ಅಷ್ಟಾಗಿ ನೆನೆಯದ ಇನ್ನೊಂದು ಪ್ರಸಂಗವೂ ಇದೆ. ಒಬ್ಬ ವೃದ್ಧರು ತಮ್ಮ ಇಬ್ಬರು ಮಕ್ಕಳ ಹೆಗಲಿಗೆ ಜೋತುಬಿದ್ದು ಕಷ್ಟದಿಂದ ನಡೆಯುತ್ತಿದ್ದರು. ಏನೆಂದು ವಿಚಾರಿಸಿದಾಗ, ಕಅಬಾಕ್ಕೆ ನಡೆದೇ ಹೋಗುವ ಹರಕೆ ಹೊತ್ತಿದ್ದಾರೆಂದು ತಿಳಿಯಿತು. ಈ ಮನುಷ್ಯ ತನ್ನನ್ನು ಹೀಗೆ ಹಿಂಸಿಸಿಕೊಳ್ಳುವುದರ ಅಗತ್ಯ ಅಲ್ಲಾಹನಿಗಿಲ್ಲ ಎಂಬ ಆಶಯದ ಮಾತನ್ನಾಡಿ ಪ್ರವಾದಿ(ಸ)ರವರು ಅವರಿಗೆ ವಾಹನವೇರಲು ಆಜ್ಞಾಪಿಸಿದರು. 2022ರ ಜೂನ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಿಂದ ಶಿಹಾಬ್ ಚೋಟ್ಟೂರ್ ಎಂಬ ಯುವಕ ಹಜ್‌ಗಾಗಿ ಕಾಲ್ನಡಿಗೆಯಲ್ಲಿ ಹೊರಟು ನಮ್ಮ ಕರಾವಳಿಯನ್ನು ಹಾದುಹೋದಾಗ ಈ ಎರಡೂ ಪ್ರಸಂಗಗಳನ್ನು ಹಿಡಿದು ನಮ್ಮಲ್ಲಿ ವಾದಗಳು ನಡೆದವು. ಮಂಗಳೂರಿನಲ್ಲಿ, ಉಡುಪಿಯಲ್ಲಿ ಅವರನ್ನು ನೋಡಲು ಜನ ಸೇರಿದರು. ಪಾಕಿಸ್ತಾನದ ವೀಸಾಕ್ಕಾಗಿ ಪಂಜಾಬಿನಲ್ಲಿ ತಿಂಗಳುಗಟ್ಟಲೆ ಕಾದು, 2023ರಲ್ಲಿ ಅವರು ಮಕ್ಕಾ ತಲಪಿದರು. ನನ್ನನ್ನೂ ಹಲವರು ಕೇಳಿದರು: ನೀವು ನಡೆಯುವವರು, ಇದಕ್ಕೆ ಏನನ್ನುತ್ತೀರಿ? ಗಟ್ಟಿಮುಟ್ಟಾದ ಯುವಕನೊಬ್ಬ, ಮನೆಯವರ ಒಪ್ಪಿಗೆಯೊಂದಿಗೆ, ಸಂತೋಷದಿಂದ ನಡೆಯುವುದು ಒಂದು. ನಡೆಯದಿದ್ದರೆ ಪುಣ್ಯ ಕಡಿಮೆಯಾದೀತೆಂದು ಮಂಡಿ ಸವೆದವರು ನಡೆಯುವುದು ಇನ್ನೊಂದು. ಪವಿತ್ರ ಕುರ್‌ಆನ್‌ನ ಸೂರಃ ಹಜ್ಜ್‌ನಲ್ಲಿ ಹಜ್‌ಗೆ ಬರುವವರ ಪ್ರಸ್ತಾಪ ಬಂದಾಗ ಕಾಲ್ನಡಿಗೆಯವರನ್ನೂ ದೂರದಾರಿಯಿಂದ ಬಳಲಿದ ಒಂಟೆಗಳ ಮೇಲಿನವರನ್ನೂ ಒಟ್ಟಿಗೇ ಹೆಸರಿಸಲಾಗಿದೆ. ನನ್ನ ಮಟ್ಟಿಗೆ ನಡಿಗೆ ಆರಾಧನೆಯಲ್ಲ, ಒಂದು ಹವ್ಯಾಸ. ಅದು ಆರಾಧನೆಗೆ ಅಡ್ಡಿಯಾಗಬಾರದು, ಸಾಧ್ಯವಾದರೆ ನೆರವಾಗಬೇಕು. ಅಷ್ಟೇ.

ಸೈಕಲ್ಲಿನ ಮೊದಲ ದೂರಪ್ರಯಾಣ ಮಾಡಿದ್ದು 1986ರ ಜನವರಿಯಲ್ಲಿ. ನನ್ನ ವಯಸ್ಸು ಇಪ್ಪತ್ತಮೂರು. ಇಬ್ಬರು ಗೆಳೆಯರ ಜೊತೆ ಶಿವಮೊಗ್ಗದಿಂದ ಉಡುಪಿಗೆ ಹೊರಟೆವು. ತೀರ್ಥಹಳ್ಳಿಯವರೆಗಿನ ಅರವತ್ತಕ್ಕೂ ಮೀರಿದ ಕಿಲೋಮೀಟರ್ ದಾರಿಯ ಬಹುಭಾಗದಲ್ಲಿ ತುಂಗೆ ಜೊತೆಗಿರುತ್ತಾಳೆ. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನಲ್ಲಿ ಬೆಳಗಿನ ಸ್ನಾನಕ್ಕೆ ಇಳಿದ ಆನೆಗಳು, ಮಂಡಗದ್ದೆಯ ನಡುಗಡ್ಡೆಯ ಮರಗಳು. ಮಳೆಗಾಲದಲ್ಲಾದರೆ ಆ ಮರಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿ ಹೂ ಬಿಟ್ಟಂತೆ ಕಾಣುತ್ತವೆ. ಜನವರಿಯಲ್ಲಿ ಬರಿಯ ಮರಗಳು. ತೀರ್ಥಹಳ್ಳಿಯ ಮಸೀದಿಯೊಂದರಲ್ಲಿ ರಾತ್ರಿ ತಂಗಿ, ಮರುದಿನ ಆಗುಂಬೆ ಮುಟ್ಟಿದೆವು. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಅದು. ಅಲ್ಲಿಂದ ಸೋಮೇಶ್ವರದ ಕಡೆ ಇಳಿಯುವ ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ನಮ್ಮ ಸೈಕಲ್ಲುಗಳಲ್ಲಿದ್ದುದು ಕಂಬಿಯ ಬ್ರೇಕು. ರಬ್ಬರಿನ ಎರಡು ತುಂಡುಗಳು ರಿಮ್ಮನ್ನು ಒತ್ತಿಹಿಡಿದು ಗಾಲಿಯನ್ನು ನಿಲ್ಲಿಸಬೇಕು. ಐದಾರು ತಿರುವು ಇಳಿಯುವಷ್ಟರಲ್ಲಿ ರಿಮ್ಮು ಮುಟ್ಟಲಾಗದಷ್ಟು ಕಾದು, ಸುಟ್ಟ ರಬ್ಬರಿನ ವಾಸನೆ ಬಂತು. ಉಳಿದ ತಿರುವುಗಳನ್ನು ಸೈಕಲ್ ತಳ್ಳಿಕೊಂಡು ನಡೆದೇ ಇಳಿದೆವು. ಸೈಕಲ್ ಸವಾರರೆಲ್ಲ ಅರ್ಧ ನಡಿಗೆಗಾರರು ಎಂಬುದನ್ನು ಘಾಟಿಗಳು ಕಲಿಸುತ್ತವೆ. ಏರುವಾಗಲೂ ಇಳಿಯುವಾಗಲೂ.

ಘಟ್ಟದ ಕೆಳಗಿನ ಒಂದು ಊರಿನಲ್ಲಿ ಝುಹರ್ ನಮಾಝಿಗಾಗಿ ಮಸೀದಿ ಹುಡುಕಿ ಹೋದೆವು. ಊಟ, ಸ್ವಲ್ಪ ನಿದ್ದೆ ಮುಗಿಸಿ ಎದ್ದಾಗ ಅಸರ್ ಅದಾನ್ ಕೇಳಿಸಿತು. ಗಡಿಯಾರ ನೋಡಿದರೆ ನಮ್ಮ ಊರಿನ ಹೊತ್ತಿಗಿಂತ ಬಹಳ ಮುಂಚೆ. ಮುಅದ್ದಿನ್ ತಪ್ಪಿದರೋ ಏನೋ ಎಂದು ನಾವು ಮುಖ ಮುಖ ನೋಡಿಕೊಂಡೆವು. ಶಿವಮೊಗ್ಗದ ಕಡೆಯ ನಾವು ಹನಫೀ ಮದ್ಹಬ್‌ನವರು. ವಸ್ತುವಿನ ನೆರಳು, ನಡುಹಗಲಿನ ನೆರಳನ್ನು ಕಳೆದು, ಅದರ ಎತ್ತರದ ಎರಡರಷ್ಟಾದಾಗ ನಮಗೆ ಅಸರ್. ಕರಾವಳಿಯ ಶಾಫಿಈಗಳಿಗೆ ನೆರಳು ಎತ್ತರದಷ್ಟೇ ಆದಾಗ ಅಸರ್. ಪುಸ್ತಕದಲ್ಲಿ ಒಂದು ಸಾಲಾಗಿ ಓದಿದ್ದ ಈ ವ್ಯತ್ಯಾಸ ಅಂದು ನಮ್ಮ ಸೈಕಲ್ಲಿನ ನೆರಳಿನಲ್ಲೇ ಕಾಣಿಸಿತು. ಆ ಮಸೀದಿಯ ಉಸ್ತಾದರು ನಮ್ಮ ಗೊಂದಲವನ್ನು ಊಹಿಸಿ ನಕ್ಕರು. “ನೀವು ಘಟ್ಟದ ಮೇಲಿನವರಾ? ಕುಳಿತುಕೊಳ್ಳಿ, ಚಾ ಕುಡಿಯಿರಿ. ನಿಮ್ಮ ಹೊತ್ತಾದಾಗ ನೀವು ಮಾಡಿ, ಇಲ್ಲ ಈಗಲೇ ನಮ್ಮ ಜೊತೆ ನಿಲ್ಲಿ. ಎರಡಕ್ಕೂ ಆಧಾರ ಉಂಟು” ಎಂದರು.

ಈ ಮಾತು ನಡೆದದ್ದು ಕನ್ನಡದಲ್ಲಿ. ಅದನ್ನು ಒತ್ತಿ ಹೇಳಬೇಕು. ಅವರ ಮನೆಮಾತು ಬ್ಯಾರಿ. ನಮ್ಮದು ದಖನಿ ಉರ್ದು. ಅವರ ಉರ್ದು ನಮಗೆ ನಗು ತರಿಸಿತು, ಅವರ ಬ್ಯಾರಿಯಲ್ಲಿ ನಮಗೆ ಒಂದು ಪದವೂ ಹತ್ತಲಿಲ್ಲ. ಒಂದೇ ಕಲಿಮಾ, ಒಂದೇ ಕಿಬ್ಲಾ ಇದ್ದ ನಮ್ಮ ನಡುವೆ ಸೇತುವೆಯಾಗಿ ನಿಂತದ್ದು ಕನ್ನಡ. ನಂತರದ ವರ್ಷಗಳಲ್ಲಿ ಭಟ್ಕಳದ ನವಾಯತರ ಮನೆಯಲ್ಲಿ, ದಾವಣಗೆರೆಯ ಕಡೆಯ ಪಿಂಜಾರರ ಅಂಗಳದಲ್ಲಿ ಉಂಡಾಗಲೂ ಇದೇ ಅನುಭವವಾಯಿತು. ಪಿಂಜಾರರಲ್ಲಿ ಹಲವರ ಮನೆಯೊಳಗಿನ ಮಾತೇ ಕನ್ನಡ. ಮುಸ್ಲಿಮನ ಭಾಷೆ ಯಾವುದು ಎಂಬ ವಾದ ಸಭೆಗಳಲ್ಲಿ ನಡೆದಾಗಲೆಲ್ಲ ನನಗೆ ಆ ಚಾದ ಲೋಟ ನೆನಪಾಗುತ್ತದೆ.

ಅಂದು ನಾವು ಕಸ್ರ್ ಮಾಡುವವರಾಗಿದ್ದೆವು. ಆದರೆ ಉಸ್ತಾದರ ಹಿಂದೆ ನಿಂತದ್ದರಿಂದ ನಾಲ್ಕು ರಕಅತ್ ಪೂರ್ತಿ ಮಾಡಿದೆವು, ಸ್ಥಳೀಯ ಇಮಾಮರನ್ನು ಅನುಸರಿಸುವ ಪ್ರಯಾಣಿಕನಿಗೆ ನಿಯಮ ಹಾಗೆಯೇ ಇದೆ. ರಾಗಿಗುಡ್ಡದಿಂದ ಲೆಕ್ಕ ಹಾಕಿದರೆ ಭದ್ರಾವತಿ, ತೀರ್ಥಹಳ್ಳಿ, ಸಾಗರ ಇವ್ಯಾವುವೂ 77 ಕಿಲೋಮೀಟರ್ ದಾಟುವುದಿಲ್ಲ. ಸಾಗರಕ್ಕೆ ಹೋಗಿ ಸೊಂಟ ಬಿದ್ದುಹೋದಂತಾಗಿ ನಾಲ್ಕು ರಕಅತ್ ನಿಂತಾಗ, ಇನ್ನೊಂದಿಷ್ಟು ಕಿಲೋಮೀಟರ್ ಹೆಚ್ಚಿದ್ದರೆ ಎಂದು ಮನಸ್ಸು ಸಣ್ಣಗೆ ಗೊಣಗಿದ್ದುಂಟು. ಜೋಗಕ್ಕೆ ಹೋಗುವ ಉದ್ದೇಶವಿದ್ದರೆ ಮಾತ್ರ ಅದೇ ಸಾಗರದಲ್ಲಿ ಎರಡೇ ರಕಅತ್. ಉದ್ದೇಶ ದೂರವನ್ನು ಬದಲಿಸುವ ಈ ಕ್ರಮ ನನಗೆ ಇಂದಿಗೂ ಬೆರಗು ತರುತ್ತದೆ.

ಜೊತೆಗಾರರ ವಿಷಯಕ್ಕೆ ಬರುತ್ತೇನೆ. ಆ ಇಬ್ಬರು ಗೆಳೆಯರಲ್ಲಿ ಒಬ್ಬರು ಸೌದಿಗೆ ಹೋದರು, ಇನ್ನೊಬ್ಬರು ಮೋಟಾರ್ ಸೈಕಲ್ ಕೊಂಡರು. ಎರಡೂ ಒಂದೇ ಬಗೆಯ ಅಗಲಿಕೆ. ಕಳೆದ ಇಪ್ಪತ್ತು ವರ್ಷಗಳಿಂದ ನನ್ನ ಸಹಪ್ರಯಾಣಿಕರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರೊಬ್ಬರು. ನಾನು ಅವರನ್ನು ಮೇಷ್ಟ್ರೇ ಎನ್ನುತ್ತೇನೆ, ಅವರು ನನ್ನನ್ನು ಸಾಹೇಬ್ರೇ ಎನ್ನುತ್ತಾರೆ. ಹಣೆಯಲ್ಲಿ ವಿಭೂತಿ ಧರಿಸದೆ ಅವರು ಮನೆ ಬಿಡುವವರಲ್ಲ. ಕೂಡ್ಲಿಯಲ್ಲಿ ತುಂಗೆ ಭದ್ರೆಯರು ಕೂಡುವಲ್ಲಿ ಅವರು ನೀರಿಗಿಳಿದು ಕೈಮುಗಿಯುವಾಗ ನಾನು ದಂಡೆಯಲ್ಲಿ ಸೈಕಲ್ ಕಾಯುತ್ತೇನೆ. ನಾನು ನಮಾಝಿಗೆ ನಿಂತಾಗ ಅವರು ನನ್ನ ಮುಂದೆ ಯಾರೂ ಹಾಯದಂತೆ ಕಾಯುತ್ತಾರೆ. ಆ ನಿಯಮ ಅವರಿಗೆ ಯಾರು ಹೇಳಿಕೊಟ್ಟರೋ! ಹಿಜ್‌ರತ್‌ನ ಆ ಅಪಾಯದ ದಿನಗಳಲ್ಲಿ, ತಲೆಗೆ ಬೆಲೆ ಕಟ್ಟಿದ್ದಾಗ, ಪ್ರವಾದಿ(ಸ) ಮತ್ತು ಅಬೂಬಕರ್(ರ) ತಮ್ಮ ಒಂಟೆಗಳನ್ನು ಒಪ್ಪಿಸಿ ದಾರಿ ತೋರಲು ನೇಮಿಸಿಕೊಂಡದ್ದು ಅಬ್ದುಲ್ಲಾ ಬಿನ್ ಉರೈಕಿತ್ ಎಂಬವನನ್ನು. ಆಗ ಅವನು ಮುಸ್ಲಿಮನಾಗಿರಲಿಲ್ಲ. ದಾರಿ ಬಲ್ಲವನಾಗಿದ್ದ, ಮಾತಿಗೆ ತಪ್ಪುವವನಾಗಿರಲಿಲ್ಲ. ಮೂರು ರಾತ್ರಿಗಳ ಬಳಿಕ ಹೇಳಿದ ಹೊತ್ತಿಗೆ ಸೌರ್ ಗುಹೆಯ ಬಳಿ ಒಂಟೆಗಳೊಂದಿಗೆ ಬಂದು ನಿಂತ. ಹಿಜ್‌ರತ್‌ನ ಕುರಿತ ನಮ್ಮ ಪ್ರವಚನಗಳಲ್ಲಿ ಜೇಡದ ಬಲೆಗೆ, ಪಾರಿವಾಳದ ಗೂಡಿಗೆ ಸಿಗುವಷ್ಟು ಸಮಯ ಈ ಮನುಷ್ಯನಿಗೆ ಸಿಗುವುದಿಲ್ಲ ಎಂಬುದು ನನ್ನ ಹಳೆಯ ತಕರಾರು.

2023ರ ಅಕ್ಟೋಬರ್ 1ರಂದು ಈದ್ ಮಿಲಾದ್ ಮೆರವಣಿಗೆಯ ದಿನ ನಮ್ಮ ರಾಗಿಗುಡ್ಡದಲ್ಲಿ ಕಲ್ಲು ತೂರಾಟ ನಡೆಯಿತು. ನಿಷೇಧಾಜ್ಞೆ ಜಾರಿಗೆ ಬಂತು. ಆ ದಿನದ ಕುರಿತು ಬೇಕಾದಷ್ಟು ಮಂದಿ ಬೇಕಾದಷ್ಟನ್ನು ಬರೆದಿದ್ದಾರೆ. ನಾನು ಅದಕ್ಕೆ ಸೇರಿಸುವುದಿಲ್ಲ. ನಾನು ಹೇಳಬೇಕೆಂದಿರುವುದು ಅದರ ನಂತರ ರಸ್ತೆಯಲ್ಲಿ ನನಗಾದ ಅನುಭವ.

ದೂರದಾರಿಯಲ್ಲಿ ನಡೆಯುವವನಿಗೂ ಸೈಕಲ್ ತುಳಿಯುವವನಿಗೂ ದಿನಕ್ಕೆ ಹತ್ತು ಬಾರಿ ಎದುರಾಗುವ ಪ್ರಶ್ನೆ ಒಂದೇ: ಯಾವೂರು? ಮೊದಲೆಲ್ಲ ರಾಗಿಗುಡ್ಡ ಎಂದರೆ ಜನ ನಗುತ್ತಿದ್ದರು. ಅಲ್ಲಿ ರಾಗಿ ಬೆಳೀತೀರಾ, ಗುಡ್ಡ ಇದೆಯಾ ಎಂದು ಕೇಳುತ್ತಿದ್ದರು. ಬೆಂಗಳೂರಿನಲ್ಲೂ ಒಂದು ರಾಗಿಗುಡ್ಡ ಇದೆಯಲ್ಲ ಎನ್ನುತ್ತಿದ್ದರು. ಈಗ ಆ ಹೆಸರು ಹೇಳಿದೊಡನೆ ಒಂದು ಮೌನ ಬಂದು ನಿಲ್ಲುತ್ತದೆ. ಮೌನ ಎಷ್ಟು ಹೊತ್ತು, ಅದರ ಬಳಿಕ ಏನು ಎಂಬುದು ಕೇಳಿದವರನ್ನು ಅವಲಂಬಿಸಿರುತ್ತದೆ. ನಮ್ಮ ಬಡಾವಣೆಯ ಕೆಲವು ಯುವಕರು ಹೊರಗೆ ಹೋದಾಗ ಶಿವಮೊಗ್ಗ ಎಂದಷ್ಟೇ ಹೇಳುತ್ತಾರೆ. ಕೆಲಸ ಕೇಳಲು ಹೋದವರು ಹಾಗೆ ಹೇಳಿದರೆ ಅವರನ್ನು ದೂರುವಂತಿಲ್ಲ. ನನಗೂ ಒಬ್ಬ ಹಿತೈಷಿ ಅದೇ ಸಲಹೆ ಕೊಟ್ಟರು: “ಭಾಯ್, ನಿಮಗ್ಯಾಕೆ ಬೇಕು, ಶಿವಮೊಗ್ಗ ಅಂದ್ಬಿಡಿ.” ಆ ರಾತ್ರಿ ನಾನು ಬಹಳ ಹೊತ್ತು ಯೋಚಿಸಿದೆ. ಊರ ಹೆಸರು ಸುಳ್ಳು ಹೇಳಿದಂತಾಗುವುದಿಲ್ಲ ನಿಜ. ಆದರೆ ನಿವೃತ್ತನೂ ಮುದುಕನೂ ಕಳೆದುಕೊಳ್ಳಲು ಏನೂ ಇಲ್ಲದವನೂ ಆದ ನಾನೇ ಆ ಹೆಸರನ್ನು ನುಂಗಿದರೆ, ಅದನ್ನು ಹೇಳುವವರು ಇನ್ನಾರು?

ನಿಷೇಧಾಜ್ಞೆಯ ದಿನಗಳಲ್ಲಿ ನಮ್ಮ ಭಾನುವಾರಗಳು ನಿಂತಿದ್ದವು. ಮೇಷ್ಟ್ರು ಫೋನ್ ಮಾಡುತ್ತಿದ್ದರು. ಮಂಡಿ ಹೇಗಿದೆ, ಚೈನಿಗೆ ಎಣ್ಣೆ ಬಿಟ್ಟಿರಾ ಎಂದು ಕೇಳುತ್ತಿದ್ದರು. ಬೇರೇನೂ ಕೇಳುತ್ತಿರಲಿಲ್ಲ. ಇಬ್ಬರಿಗೂ ಬೇರೆ ಮಾತು ಎತ್ತಲು ಅಂಜಿಕೆಯಿತ್ತೆಂದು ತೋರುತ್ತದೆ. ನವೆಂಬರಿನ ಒಂದು ಭಾನುವಾರ ಮತ್ತೆ ಹೊರಟೆವು, ಸಾಗರದ ರಸ್ತೆಯಲ್ಲಿ. ಆಯನೂರು ದಾಟಿ ಕುಂಸಿಗೆ ಮುಂಚೆ ಒಂದು ಚಹಾ ಅಂಗಡಿಯಲ್ಲಿ ನಿಂತೆವು. ಹೊಸ ಅಂಗಡಿ, ನಮ್ಮ ಪರಿಚಯದ್ದಲ್ಲ. ಐದಾರು ಜನ ಬೆಂಚಿನ ಮೇಲೆ ಕುಳಿತಿದ್ದರು. ಅವರಲ್ಲೊಬ್ಬ ಹಿರಿಯರು, ಹೆಗಲ ಮೇಲೆ ಟವೆಲು ಹಾಕಿಕೊಂಡವರು, ನನ್ನ ಟೋಪಿ ನೋಡಿದರು, ಮೇಷ್ಟ್ರ ವಿಭೂತಿ ನೋಡಿದರು, ಎರಡು ಹಳೆಯ ಸೈಕಲ್ಲುಗಳನ್ನು ನೋಡಿದರು.

“ಯಾವೂರು ಸಾಹೇಬ್ರೆ?”

“ಶಿವಮೊಗ್ಗ. ರಾಗಿಗುಡ್ಡ.”

ಬೆಂಚಿನ ಮೇಲಿನ ಮಾತು ನಿಂತಿತು. ಮೇಷ್ಟ್ರು ತಮ್ಮ ಲೋಟವನ್ನು ಕೆಳಗಿಟ್ಟು ನನ್ನ ಪಕ್ಕಕ್ಕೆ ಒಂದು ಹೆಜ್ಜೆ ಸರಿದರು. ಅದನ್ನು ನಾನು ಗಮನಿಸಿದೆ.

“ಅದೇ ಗಲಾಟೆ ಆಯ್ತಲ್ಲ, ಆ ರಾಗಿಗುಡ್ಡನಾ?”

“ಹೌದು, ಅದೇ.”

ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನಮ್ ಮಗಳನ್ನ ಅಲ್ಲೇ ಹತ್ರಕ್ಕೆ ಕೊಟ್ಟಿದೀವಿ. ನಾಲ್ಕು ದಿನ ಫೋನ್ ಮಾಡಿ ಮಾಡಿ ಸಾಕಾಗೋಯ್ತು. ಇವ್ಳಂತೂ ಅನ್ನ ಬಿಟ್ಟಿದ್ಲು.” ಮತ್ತೆ ಕೇಳಿದರು: “ನಿಮ್ಮನೇಲಿ ಎಲ್ರೂ ಸುಖನಾ?”

ಸುಖವಾಗಿದ್ದೇವೆ ಎಂದೆ. ಮಗಳ ಮನೆ ಯಾವ ತಿರುವಿನಲ್ಲಿದೆ ಎಂದು ಅವರು ವಿವರಿಸತೊಡಗಿದರು. ನಾನು ದಿನವೂ ಫಜರ್ ಬಳಿಕ ಹಾದುಹೋಗುವ ತಿರುವು ಅದು. ಚಹಾದ ದುಡ್ಡನ್ನು ಅವರು ಕೊಡಲು ಬಿಡಲಿಲ್ಲ. ಎಲ್ಲ ಕಡೆ ಹೀಗೆಯೇ ಆಯಿತೆಂದು ನಾನು ಹೇಳುವುದಿಲ್ಲ. ಬೇರೊಂದು ಊರಿನಲ್ಲಿ ನೀರು ಕೇಳಿದಾಗ ಬಾಗಿಲು ಮುಚ್ಚಿಕೊಂಡದ್ದೂ ಇದೆ. ಆದರೆ ಎಂದಿನಂತೆ ಪೂರ್ತಿ ಹೆಸರನ್ನೇ ಹೇಳುತ್ತೇನೆ. ಆ ದಿನ ಮರಳುವಾಗ ಮೇಷ್ಟ್ರು ಬಹಳ ದೂರದವರೆಗೆ ಮಾತನಾಡದೆ ತುಳಿದು, ಕೊನೆಗೆ, “ನಿಮ್ಮ ಹಿಂದಿನ ಚಕ್ರ ಸ್ವಲ್ಪ ಅಲ್ಲಾಡ್ತಾ ಇದೆ ಸಾಹೇಬ್ರೆ, ಕಡ್ಡಿ ಬಿಗಿ ಮಾಡಿಸಿ” ಎಂದರು.

ಹೆಣ್ಣುಮಕ್ಕಳ ವಿಷಯವನ್ನೂ ಹೇಳದಿದ್ದರೆ ಈ ಬರಹ ಅಪೂರ್ಣವಾಗುತ್ತದೆ. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರಕಾರ ಉಚಿತ ಸೈಕಲ್ ಕೊಡಲಾರಂಭಿಸಿತು. ಮರುವರ್ಷ ನನ್ನ ಮಗಳಿಗೂ ಒಂದು ಬಂತು. ಮನೆಯಲ್ಲಿ ದೊಡ್ಡ ಚರ್ಚೆ. ನನ್ನ ಅಕ್ಕ, ಅಂದರೆ ಮಗಳ ಫುಫು, ಭದ್ರಾವತಿಯಿಂದ ಬಂದು ಕುಳಿತು, “ಹುಡುಗಿ ಬುರ್ಖಾ ಹಾಕ್ಕೊಂಡು ಸೈಕಲ್ ಹೊಡೆಯೋದಾ? ಜನ ಏನಂತಾರೆ?” ಎಂದರು. ನಾನು ಕುರೈಶ್ ಮಹಿಳೆಯರ ಕುರಿತ ಹದೀಸನ್ನು ನೆನಪಿಸಿದೆ. ಒಂಟೆ ಸವಾರಿ ಮಾಡುವ ಮಹಿಳೆಯರಲ್ಲಿ ಅವರು ಉತ್ತಮರೆಂದು ಪ್ರವಾದಿ(ಸ)ರವರು ಪ್ರಶಂಸಿಸಿದ್ದರಲ್ಲವೇ? ಒಂಟೆ ಏರುವವಳಿಗೆ ಪ್ರಶಂಸೆ, ಸೈಕಲ್ ಏರುವವಳಿಗೆ ಆಕ್ಷೇಪವೇ? ಅಕ್ಕ ಜಗ್ಗಲಿಲ್ಲ. ಅವರ ನಿಜವಾದ ಭಯ ಬೇರೆಯಿತ್ತು, ಅದು ಮಗಳಿಗೆ ಅರ್ಥವಾಯಿತು. “ಫುಫು, ಬುರ್ಖಾ ಚೈನಿಗೆ ಸಿಕ್ಕಿಕೊಂಡು ನಾನು ಬೀಳ್ತೀನಿ ಅಂತ ತಾನೆ ನಿಮಗೆ?” ಎಂದಳು. ಅಕ್ಕ ಹೌದೆಂದು ತಲೆಯಾಡಿಸಿದರು. ಮರುದಿನ ನಾನು ಚೈನಿಗೆ ಪೂರ್ತಿ ಮುಚ್ಚುವ ತಗಡಿನ ಕವರು, ಹಿಂದಿನ ಚಕ್ರಕ್ಕೆ ಎರಡೂ ಬದಿ ಬಲೆ ಹಾಕಿಸಿದೆ. ಅಕ್ಕ ಸ್ವತಃ ಬುರ್ಖಾದ ತುದಿ ಹಿಡಿದು ಚಕ್ರದ ಬಳಿ ಎಳೆದು ಪರೀಕ್ಷಿಸಿ ಒಪ್ಪಿಗೆ ಕೊಟ್ಟರು. ಮಗಳು ಮೂರು ವರ್ಷ ಅದರಲ್ಲೇ ಶಾಲೆಗೆ ಹೋದಳು. ನಮ್ಮ ಬೀದಿಯ ಇನ್ನೂ ನಾಲ್ಕು ಹುಡುಗಿಯರು ಅವಳ ಹಿಂದೆ ಹೊರಟರು. ಸೈಕಲ್ ಇಲ್ಲದಿದ್ದರೆ ಆ ನಾಲ್ವರಲ್ಲಿ ಇಬ್ಬರಾದರೂ ಹತ್ತನೇ ತರಗತಿ ಮುಟ್ಟುತ್ತಿರಲಿಲ್ಲ ಎಂಬುದು ಅವರ ಮನೆಯವರೇ ಹೇಳುವ ಮಾತು.

ಈಗ ನನಗೆ ಅರವತ್ತೆರಡು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ಹನ್ನೆರಡು ಕಿಲೋಮೀಟರ್ ಸಾಗುತ್ತೇನೆ, ಏರು ಬಂದರೆ ಇಳಿದು ತಳ್ಳುತ್ತೇನೆ. ವೈದ್ಯರು ನಡಿಗೆ ಕಡಿಮೆ ಮಾಡಿ, ಸೈಕಲ್ ಹೆಚ್ಚು ಮಾಡಿ ಎಂದಿದ್ದಾರೆ. ಮಂಡಿಗೆ ಅದು ಹಿತವಂತೆ. ಸೀಟನ್ನು ಅರ್ಧ ಇಂಚು ಎತ್ತರಿಸಿದ ಮೇಲೆ ನೋವು ಬಹಳ ಇಳಿದಿದೆ. ಇದನ್ನು ಓದುವ ಹಿರಿಯರು ತಮ್ಮ ಸೀಟನ್ನೂ ಒಮ್ಮೆ ನೋಡಿಕೊಳ್ಳಲಿ. ಪೆಡಲು ಕೆಳಗಿರುವಾಗ ಮಂಡಿ ಕೊಂಚವೇ ಬಾಗಿರಬೇಕು.

ಬಹುಕಾಲದ ಒಂದು ಆಸೆ ಬಾಕಿ ಉಳಿದಿದೆ. 1340ರ ದಶಕದಲ್ಲಿ ಇಬ್ನ್ ಬತೂತಾ ನಮ್ಮ ಹೊನ್ನಾವರಕ್ಕೆ ಬಂದಿದ್ದರು. ಮೊರಾಕ್ಕೋದ ತಾಂಜಾ ಪಟ್ಟಣದಿಂದ 1325ರಲ್ಲಿ ಹಜ್‌ಗೆಂದು ಹೊರಟ ಇಪ್ಪತ್ತೊಂದರ ಯುವಕ, ದೆಹಲಿಯಲ್ಲಿ ವರ್ಷಗಟ್ಟಲೆ ಕಾಝಿಯಾಗಿದ್ದು, ಆ ಬಳಿಕ ಈ ಕರಾವಳಿಗೆ ಬಂದರು. ಹೊನ್ನಾವರದ ಮಹಿಳೆಯರೆಲ್ಲ ಕುರ್‌ಆನ್ ಕಂಠಪಾಠ ಮಾಡಿದವರೆಂದೂ, ಪಟ್ಟಣದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದೂ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವೆಂದೂ ಅವರು ದಾಖಲಿಸಿದ್ದಾರೆ. ಅಲ್ಲಿನ ಸುಲ್ತಾನ ಜಮಾಲುದ್ದೀನನು ಹರ್ಯಬ್ ಎಂಬ ಮುಸ್ಲಿಮೇತರ ಅರಸನ ಅಧೀನನಾಗಿದ್ದನೆಂದೂ ಬರೆದಿದ್ದಾರೆ. ಆ ಅರಸ ವಿಜಯನಗರದ ಮೊದಲನೆಯ ಹರಿಹರನೆಂದು ಇತಿಹಾಸಕಾರರು ಗುರುತಿಸುತ್ತಾರೆ. ಬುರ್ಖಾ ಚೈನಿಗೆ ಸಿಕ್ಕೀತೆಂಬ ಚರ್ಚೆ ನಡೆದ ನಮ್ಮ ಮನೆಯಿಂದ ಆ ಹದಿಮೂರು ಶಾಲೆಗಳ ಊರು ನೂರ ಅರವತ್ತು ಕಿಲೋಮೀಟರುಗಳ ಆಸುಪಾಸಿನಲ್ಲಿದೆ. ಬಸ್ಸಿನಲ್ಲಿ ಎರಡು ಬಾರಿ ಹೋಗಿದ್ದೇನೆ. ಸೈಕಲ್ಲಿನಲ್ಲಿ ಇನ್ನೂ ಇಲ್ಲ.

ಈ ಡಿಸೆಂಬರಿನಲ್ಲಿ ಹೊರಡುವುದೆಂದು ಮೇಷ್ಟ್ರೊಂದಿಗೆ ಮಾತಾಗಿದೆ, ಇನ್‌ಶಾ ಅಲ್ಲಾಹ್. ಮೊದಲ ದಿನ ಸಾಗರ, ಎರಡನೆಯ ದಿನ ಜೋಗ ದಾಟಿ ಗೇರುಸೊಪ್ಪೆಯ ಘಾಟಿಯ ನೆತ್ತಿ, ಮೂರನೆಯ ದಿನ ಇಳಿದು ಶರಾವತಿಯ ಜೊತೆಯಲ್ಲೇ ಸಮುದ್ರಕ್ಕೆ. ಹನಫೀ ಗ್ರಂಥಗಳ ಮೂರು ದಿನ ಸರಿಯಾಗಿ ಕೂಡಿಬರುತ್ತದೆ. ಮಗಳು ಈಗ ಸ್ವತಃ ಶಿಕ್ಷಕಿ, ಸೈಕಲ್ ಬಿಟ್ಟು ಸ್ಕೂಟರಿಗೆ ಏರಿದ್ದಾಳೆ. ಕೊನೆಯ ದಿನ ತನ್ನ ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಹೊನ್ನಾವರಕ್ಕೆ ಬಂದು ಸೇರುತ್ತೇನೆಂದಿದ್ದಾಳೆ. ಬ್ರೇಕಿನ ರಬ್ಬರು ಎರಡು ಜೊತೆ ಕೊಂಡಿಟ್ಟಿದ್ದೇನೆ. ಪಂಕ್ಚರ್ ಸಲ್ಯೂಷನ್, ಪ್ಯಾಚು, ಉಪ್ಪುಕಾಗದ, ವಾಲ್ವ್ ಟ್ಯೂಬು ಮೇಷ್ಟ್ರ ಚೀಲದಲ್ಲಿ ಇರುತ್ತವೆ. ಹುರಿಗಡಲೆ, ಬೆಲ್ಲ, ಕಿಬ್ಲಾ ನೋಡುವ ದಿಕ್ಸೂಚಿ ನನ್ನ ಚೀಲದಲ್ಲಿ. ಹಿಂದಿನ ಚಕ್ರದ ಕಡ್ಡಿ ಬಿಗಿ ಮಾಡಿಸುವುದೊಂದು ಬಾಕಿ.